ಕುರ್ದಿ ನೀರು ಹೊಕ್ಕ ಗಾಜು

"ಏ, ಕೈ ತೆಗಿ ಮಾರಾಯ, ಕೈ! ಬಾನೆಟ್ಟಿನ ಮೇಲೆ ಕೈ ಊರಿಕೊಂಡು ನಿಲ್ಲಲಿಕ್ಕೆ ಅದೆಂತ ಬಸ್ ಸ್ಟ್ಯಾಂಡಿನ ಕಟ್ಟೆಯಾ? ಅದರ ಒಂದು ಕೋಟ್ ಪೇಂಟಿಗೆ ನಿನ್ನ ಆರು ತಿಂಗಳ ಸಂಬಳ ಸಾಲದು, ಗೊತ್ತುಂಟಾ?"

ಯಶ್ವಂತ ಕೈ ತೆಗೆದ. ಅವನು ಕೈ ಊರಿದ್ದೇನೂ ಅಲ್ಲ. ಬಗ್ಗಿ ನೋಡುವಾಗ ಎರಡು ಬೆರಳ ತುದಿ ತಾಗಿತ್ತು, ಅಷ್ಟೇ. ಆ ಎರಡು ಬೆರಳಿನ ಗುರುತನ್ನು ಹೃಷೀಕೇಶರಾಯರು ತಮ್ಮ ಶಲ್ಯದ ತುದಿಯಿಂದ ಉಜ್ಜಿ ಉಜ್ಜಿ ಒರೆಸಿದರು. ಮಣಿಪಾಲದಲ್ಲಿ ಓದುವ ಮಕ್ಕಳಿಗೆ ಕೋಣೆ ಬಾಡಿಗೆ ಕೊಡುವ ನಾಲ್ಕು ದೊಡ್ಡ ಕಟ್ಟಡಗಳ ಧಣಿ ಅವರು. ಜರ್ಮನಿಯ ಈ ಕಪ್ಪು ಕಾರು ಮನೆಗೆ ಬಂದು ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಹೋದ ಶನಿವಾರ ಉಚ್ಚಿಲದ ಹತ್ತಿರ ಜಲ್ಲಿ ತುಂಬಿದ ಟಿಪ್ಪರೊಂದರಿಂದ ಹಾರಿದ ಕಲ್ಲು ಎದುರಿನ ಗಾಜಿಗೆ ಬಡಿದಿತ್ತು. ಬಡಿದದ್ದು ಕಡಲೆ ಗಾತ್ರದ ಕಲ್ಲು. ಆದರೆ ರಾಯರ ಮನೆಯಲ್ಲಿ ಐದು ದಿನದಿಂದ ಸಾವಿನ ಮನೆಯ ಕಳೆ.

ಕಾರಿನ ಗಾಜು ರಿಪೇರಿಯಾಗುತ್ತದೋ, ಕಿತ್ತು ಹೊಸತೇ ಹಾಕಬೇಕೋ ಎಂದು ನೋಡಿ ಹೇಳುವುದು ಯಶ್ವಂತನ ಕೆಲಸ. ಸಂತೆಕಟ್ಟೆಯ ಹೈವೇ ಬದಿಯ ಬೆಂಜಮಿನ್ನರ ಗ್ಲಾಸಿನ ಅಂಗಡಿಯಲ್ಲಿ ಅವನಿಗೆ ಏಳು ವರ್ಷವಾಗಿತ್ತು. "ಅವನದ್ದು ಕಣ್ಣಲ್ಲ, ಮೆಷಿನ್" ಎಂದು ಬೆಂಜಮಿನ್ನರು ಗಿರಾಕಿಗಳೆದುರು ಹೊಗಳುತ್ತಿದ್ದರು. ಸಂಬಳ ಮಾತ್ರ ಮೆಷಿನ್ನಿಗೆ ತಕ್ಕಂತೆ ಇರಲಿಲ್ಲ, ಆ ಮಾತು ಬಿಡಿ. ಈ ಮನೆಯ ವಿಳಾಸ ಓದಿದ ಕೂಡಲೇ ಅವನು, "ಬೇರೆ ಯಾರನ್ನಾದರೂ ಕಳಿಸಿ" ಎಂದು ಅಂಗಲಾಚಿದ್ದ. "ಕೋಟಿ ರೂಪಾಯಿಯ ಗಾಡಿ, ನೀನೇ ಹೋಗಬೇಕು" ಎಂದು ಬೆಂಜಮಿನ್ನರು ಬಾಯಿ ಮುಚ್ಚಿಸಿದ್ದರು.

ಸ್ಕೂಟರನ್ನು ರಸ್ತೆಯಲ್ಲೇ ಬಿಟ್ಟು ಬರಲು ಅಪ್ಪಣೆಯಾಗಿತ್ತು. ಸಲಕರಣೆಯ ಪೆಟ್ಟಿಗೆ ಹಿಡಿದು ಅವನು ಒಳಗೆ ಕಾಲಿಟ್ಟದ್ದೇ, ರಾಯರು ಕೈಯಲ್ಲಿದ್ದ ರಿಮೋಟು ಒತ್ತಿದ್ದರು. ಆಳೆತ್ತರದ ಕಬ್ಬಿಣದ ಗೇಟು ತಾನಾಗಿ ಜಾರಿ ಬಂದು ಬೆನ್ನ ಹಿಂದೆ ಮುಚ್ಚಿಕೊಂಡಿತ್ತು.

"ಹೆಸರೆಂತ ನಿನ್ನದು?"

"ಯಶ್ವಂತ."

"ಯಶ್ವಂತ ಎಂತ? ಪೂಜಾರಿಯಾ? ಶೆಟ್ಟಿಯಾ?"

"ಬರೀ ಯಶ್ವಂತ, ಸರ್."

ರಾಯರು ಅವನ ಇಸ್ತ್ರಿ ಹಾಕಿದ ನೀಲಿ ಅಂಗಿಯನ್ನು, ಪಾಲಿಶು ಮಾಡಿದ ಬೂಟನ್ನು ಮೇಲಿಂದ ಕೆಳಗೆ ಅಳೆದರು. ಮನಸ್ಸಿನಲ್ಲೇ ಎಲ್ಲೋ ಒಂದು ಕಡೆ ಕೂರಿಸಿಕೊಂಡರೆಂದು ಕಾಣುತ್ತದೆ, ಒಳಗೆ ತಿರುಗಿ ಕಾಫಿಗೆ ಹೇಳಿದರು. ರಾಯರ ತಾಯಿ ಶ್ರೀಮತಿಯಮ್ಮ ಸ್ಟೀಲಿನ ಲೋಟದಲ್ಲಿ ಕಾಫಿ ತಂದು ಯಶ್ವಂತನ ಕೈಗೇ ಕೊಟ್ಟರು. ಆಮೇಲೆ ಕಂಪೌಂಡು ಗೋಡೆಯ ಮೇಲೆ ಕವುಚಿಟ್ಟಿದ್ದ ಪ್ಲಾಸ್ಟಿಕ್ ಕಪ್ಪನ್ನು ಕೆಲಸದ ಹೆಂಗಸೇ ಎತ್ತಿ ಹಿಡಿದಾಗ, ಅದಕ್ಕೂ ಒಂದು ಗೇಣು ಮೇಲಿಂದ ಒಂದಿಷ್ಟು ಹೊಯ್ದರು.

ಆ ಹೆಂಗಸು ಅಕ್ಕು. ಯಶ್ವಂತನ ತಾಯಿ.

ಕಾಪುವಿನಾಚೆಯ ಕೊರಗರ ಕಾಲನಿಯಿಂದ ದಿನಾ ಎರಡು ಬಸ್ಸು ಹತ್ತಿ ಬಂದು ಅವಳು ಈ ಮನೆಯ ಅಂಗಳ, ಪಾಯಿಖಾನೆ, ಕಾರು ತೊಳೆಯುತ್ತ ಹನ್ನೆರಡು ವರ್ಷವಾಗಿತ್ತು. ಮಗನಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿದ ದಿನ ಅವಳೇ ಕರಾರು ಹಾಕಿದ್ದಳು. "ನಾನು ಕೆಲಸ ಮಾಡುವ ಮನೆಗೆ ನೀನು ಯಾವತ್ತಾದರೂ ಬಂದರೆ ನಿಂಗೆ ನಾನು ಯಾರೂ ಅಲ್ಲ, ನಂಗೆ ನೀನು ಯಾರೂ ಅಲ್ಲ. ಅಕ್ಕುವಿನ ಮಗ ಅಂತ ಗೊತ್ತಾದರೆ ಅವರ ಗಾಡಿ ಮುಟ್ಲಿಕ್ಕೆ ಬಿಡ್ತಾರಾ ನಿನ್ನನ್ನು?" ಏಳು ವರ್ಷದಲ್ಲಿ ಅಂಥ ದಿನ ಬಂದಿರಲಿಲ್ಲ. ಈಗ ಬಂದಿತ್ತು. ಅಕ್ಕು ತಲೆ ಎತ್ತದೆ, ಹಿಡಿಸೂಡಿಯಿಂದ ಗುಡಿಸುತ್ತ ಗುಡಿಸುತ್ತ ಅವನ ಬೂಟಿನವರೆಗೆ ಬಂದಳು.

"ಸ್ವಲ್ಪ ಕಾಲು ತೆಗೀರಿ ಮೇಸ್ತ್ರಿ" ಎಂದಳು.

ಯಶ್ವಂತ ಕಾಲು ತೆಗೆದ. ಉಳಿದ ಕಾಫಿಯ ಲೋಟವನ್ನು ಜಗಲಿಯ ಅಂಚಿಗಿಟ್ಟ.

"ರಿಪೇರಿಯೋ ಹೊಸತೋ, ಅದು ಹೇಳು ಮೊದಲು" ಎಂದರು ರಾಯರು. "ಹೊಸ ಗಾಜು ಚೆನ್ನೈಯಿಂದ ಬರಲಿಕ್ಕೆ ಹನ್ನೆರಡು ದಿನ ಅಂತೆ. ಭಾನುವಾರ ಕಾರ್ಕಳದಲ್ಲಿ ಮಗಳ ನಿಶ್ಚಯ. ಆ ಗಂಡಿನ ಮನೆಯ ಎದುರು ಇದರಲ್ಲೇ ಇಳಿಯಬೇಕು ನಾವು. ಒಡೆದ ಗಾಜಿನಲ್ಲಿ ಅಲ್ಲ, ಮತ್ತೆ."

"ಪೆಟ್ಟು ಸಣ್ಣದು ಸರ್. ಎರಡು ರೂಪಾಯಿಯ ನಾಣ್ಯದಡಿಗೆ ಬರ್ತದೆ. ಅಂಚಿನಿಂದ ದೂರ ಉಂಟು, ಡ್ರೈವರಿನ ಕಣ್ಣಿಗೆ ಅಡ್ಡ ಇಲ್ಲ, ಮೇಲಿನ ಕ್ಯಾಮರಾಕ್ಕೂ ತೊಂದರೆ ಇಲ್ಲ. ಒಳಗಿನ ಗಾಳಿ ಎಳೆದು ರೆಸಿನ್ ಅಂಟು ಬಿಟ್ಟರೆ ಗಾಜಿನ ಹಾಗೇ ಗಟ್ಟಿ ಕೂತುಕೊಳ್ತದೆ. ಆದರೆ ಬಿರುಕಿನ ಒಳಗೆ ನೀರು ಹೋಗಿರಬಾರದು. ಅದಕ್ಕೇ ನಮ್ಮ ಧಣಿ ಫೋನಿನಲ್ಲಿ ಟೇಪು ಅಂಟಿಸ್ಲಿಕ್ಕೆ ಹೇಳಿದ್ದು, ತೊಳೀಬೇಡಿ ಅಂತ ಹೇಳಿದ್ದು."

"ಟೇಪು ನಾನೇ ಅಂಟಿಸಿದ್ದೇನಲ್ಲ!"

ಗಾಜಿನ ಮೇಲೆ ಟೇಪು ಇರಲಿಲ್ಲ. ಯಶ್ವಂತ ಟಾರ್ಚು ಹಾಕಿ, ಭೂತಗನ್ನಡಿ ಇಟ್ಟು ನೋಡಿದ. ಕಲ್ಲು ತಾಗಿದ ಚುಕ್ಕಿಯಿಂದ ಐದು ಕೂದಲೆಳೆಯ ಬಿರುಕು ನಕ್ಷತ್ರದ ಹಾಗೆ ಹರಿದಿದ್ದವು. ಐದರ ಒಳಗೂ ಕೆಂಪು ಕಟ್ಟಿತ್ತು. ಏಳು ವರ್ಷದಲ್ಲಿ ಗಾಜಿನೊಳಗೆ ಅವನು ಕೆಸರು ನೋಡಿದ್ದ, ಸೋಪು ನೋಡಿದ್ದ, ಒಮ್ಮೆ ಫೆವಿಕ್ವಿಕ್ಕೂ ನೋಡಿದ್ದ. ಈ ಕೆಂಪನ್ನು ನೋಡಿರಲಿಲ್ಲ.

"ಟೇಪು ನಾನು ತೆಗೆಸಿದ್ದು" ಎಂದರು ಶ್ರೀಮತಿಯಮ್ಮ ಜಗಲಿಯಿಂದ. ಧ್ವನಿಯಲ್ಲಿ ಹೆಮ್ಮೆಯೇ ಇತ್ತು. "ಹೊಸ ಗಾಡಿಯ ಮೋರೆಗೆ ಪಟ್ಟಿ ಕಟ್ಟಿದ ಹಾಗೆ ಕಾಣ್ತಿತ್ತು. ಅದು ಇದ್ದರೆ ದೃಷ್ಟಿ ಹೊರಗೆ ಹೋಗುದು ಹೇಗೆ? ಮೊನ್ನೆ ಮಂಗಳವಾರ ಕುರ್ದಿ ನೀರು ನಿವಾಳಿಸಿ, ಸರಿಯಾಗಿ ಪೆಟ್ಟಾದ ಜಾಗಕ್ಕೇ ಹೊಯ್ಸಿದೆ."

ಅರಿಶಿನಕ್ಕೆ ಸುಣ್ಣ ಕದಡಿದರೆ ನೆತ್ತರಿನ ಬಣ್ಣಕ್ಕೆ ತಿರುಗುತ್ತದಲ್ಲ, ಅದೇ ಕುರ್ದಿ. ಮದುವೆ ಮನೆಯಲ್ಲಿ ವಧೂವರರಿಗೆ ಆರತಿ ಎತ್ತುವಾಗ ಅದಕ್ಕೆ ಶೋಭೆಯುಂಟು. ಗಾಜಿನ ಬಿರುಕಿನೊಳಗೆ ಹೋಗಿ ಎರಡು ದಿನ ಬಿಸಿಲಿಗೆ ಒಣಗಿದರೆ ಅದು ಗಾರೆ. ಅಲ್ಲಿ ರೆಸಿನ್ನಿಗೆ ನುಗ್ಗಲು ಜಾಗವೇ ಇಲ್ಲ.

"ಹೊಯ್ದದ್ದು ಯಾರು?" ರಾಯರ ಧ್ವನಿ ಏರಿತು.

"ನಾನು ಹೊಯ್ಯುದಾ? ಆ ದೃಷ್ಟಿ ನನ್ನ ತಲೆಗೆ ಬರಲಿಕ್ಕಾ? ಅಕ್ಕು ಹೊಯ್ದಳು. ಅಂಥದ್ದಕ್ಕೆಲ್ಲ ಅವಳೇ ಅಲ್ವಾ."

ಅಂಗಳದ ಮೂಲೆಯಲ್ಲಿ ಹಿಡಿಸೂಡಿಯ ಸದ್ದು ನಿಂತಿತು. ರಾಯರು ಅತ್ತ ತಿರುಗುವ ಮೊದಲೇ ಯಶ್ವಂತನ ಬಾಯಿಂದ ಮಾತು ಹೊರಬಿತ್ತು.

"ನೋಡುವ ಸರ್. ಆಗಬಹುದು. ಪ್ರಯತ್ನ ಮಾಡುವ."

ಆಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಏಳು ವರ್ಷದಲ್ಲಿ ಒಂದು ಗಾಜಿನ ಬಗ್ಗೆಯೂ ಸುಳ್ಳು ಹೇಳಿದವನಲ್ಲ. ಆದರೆ ರಿಪೇರಿಯಾದರೆ ಯಾರ ಹೆಸರೂ ಏಳುವುದಿಲ್ಲ, ಆಗದಿದ್ದರೆ ಒಂದೇ ಹೆಸರು ಏಳುತ್ತದೆ ಎನ್ನುವುದೂ ಅವನಿಗೆ ಅಷ್ಟೇ ಚೆನ್ನಾಗಿ ಗೊತ್ತಿತ್ತು.

ಬಿಸಿಲು ನೆತ್ತಿಗೆ ಬರುತ್ತಿತ್ತು. ಗಾಜು ಕಾದರೆ ಬಿರುಕು ಓಡುತ್ತದೆ ಎಂದು ಅವನು ನೆರಳು ಕೇಳಿದ. "ಏ ಅಕ್ಕು, ಆ ದೊಡ್ಡ ಕೊಡೆ ತಾ. ಗಾಜಿಗೆ ಹಿಡಿದು ನಿಲ್ಲು, ನಿನ್ನ ತಲೆಗಲ್ಲ. ಸೆರಗು ಗಾಡಿಗೆ ತಾಗಬಾರದು" ಎಂದು ಹೇಳಿ ರಾಯರು ಜಗಲಿಯ ಫ್ಯಾನಿನಡಿ ಹೋಗಿ ಕೂತರು. ತಾಯಿ ಕೊಡೆ ಹಿಡಿದಳು. ಮಗ ಬಿರುಕಿನ ಬಾಯಿಗೆ ಸೂಜಿ ಹಾಕಿ ಒಂದೊಂದೇ ಎಳೆಯ ಗಾರೆ ಕೆರೆಯತೊಡಗಿದ.

ಮನೆಯಲ್ಲಿ ಒಂದೇ ಚಾಪೆಯಲ್ಲಿ ಕೂತು ಉಣ್ಣುವವರು, ಇಲ್ಲಿ ಒಂದೇ ಕೊಡೆಯ ಆಚೀಚೆ ಅಪರಿಚಿತರಾಗಿ ಅರ್ಧ ಗಂಟೆ ನಿಂತರು. ಅಕ್ಕುವಿನ ತಲೆ ಕೊಡೆಯ ಹೊರಗೆ ಬಿಸಿಲಲ್ಲಿತ್ತು. ಅವಳ ಬೆವರು ಯಶ್ವಂತನ ಮುಂಗೈ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಆಗ್ತದಾ?" ತುಟಿ ಅಲ್ಲಾಡಿಸದೆ ಕೇಳಿದಳು ಅವಳು.

"ಆಗ್ತದೆ."

"ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗ್ತದೆ ಮಗಾ."

"ಸುಮ್ಮನಿರು ಅಪ್ಪೇ. ಅವರು ನೋಡ್ತಾರೆ." ತಾಯಿಯನ್ನು ಅವನು ಕರೆಯುವುದೇ ಹಾಗೆ, ತುಳುವಿನಲ್ಲಿ.

"ಬೆಳಿಗ್ಗೆ ಗಂಜಿ ಉಂಡು ಬಂದಿದ್ದೀಯಾ?"

ಅವನಿಗೆ ಅಳು ಬಂದ ಹಾಗಾಯಿತು. ಮೂರು ಕಾಲಿನ ರಬ್ಬರು ಬಟ್ಟಲನ್ನು ಗಾಜಿಗೆ ಕೂರಿಸಿ, ಒಳಗಿನ ಗಾಳಿ ಎಳೆದು, ಒಂದು ಹನಿ ರೆಸಿನ್ ಬಿಟ್ಟು, ಉಸಿರು ಹಿಡಿದು ತಿರುಪು ಒತ್ತಿದ. ಎರಡು ಎಳೆ ತುಂಬಿದವು. ಮೂರನೆಯದೂ ಅರ್ಧ ತುಂಬಿತು. ಕೊಡೆ ಹಿಡಿದ ಕೈ ಸೋತು ಒಂದಿಷ್ಟು ವಾಲಿತೋ, ಅವನ ಆಸೆಯೇ ಹೆಚ್ಚಾಗಿ ತಿರುಪು ಒಂದು ಸುತ್ತು ಜಾಸ್ತಿ ತಿರುಗಿತೋ, ಯಾರಿಗೆ ಗೊತ್ತು. ಟಿಕ್ ಎಂದಿತು. ಅಷ್ಟೇ. ಗಾಜಿನ ನಡುವಿನಿಂದ ಅಂಚಿನವರೆಗೆ, ಒಂದೂವರೆ ಗೇಣು ಉದ್ದ, ಬಿರುಕು ಕಣ್ಣೆದುರೇ ಓಡಿ ನಿಂತಿತು.

ರಾಯರು ಜಗಲಿಯಿಂದ ಇಳಿದು ಬಂದರು. ನೋಡಿದರು. ಯಶ್ವಂತನನ್ನು ದಾಟಿ ಹೋದರು. ನೇರ ಅಕ್ಕುವಿನ ಕೈಯಿಂದ ಕೊಡೆ ಕಿತ್ತುಕೊಂಡು ಅದರ ಹಿಡಿಯಿಂದ ಅವಳ ಹೆಗಲಿಗೆ ತಿವಿದರು.

"ನಿನ್ನ ಕೈ ಕಡಿಯ! ನಿಂಗೆ ನೀರು ಹೊಯ್ಲಿಕ್ಕೆ ಇದೇ ಜಾಗ ಸಿಕ್ಕಿದ್ದಾ, ಬೇವರ್ಸಿ ಮುಂಡೆ?"

"ಅಮ್ಮನೇ ಹೇಳಿದ್ದಲ್ವಾ ಧಣಿ, ಇಲ್ಲಿಗೇ ಹೊಯ್ಯಿ ಅಂತ..."

"ಬಾಯಿ ಮುಚ್ಚು! ಎದುರು ಮಾತಾಡ್ತಿಯಾ? ಊರಿನ ಹೇಲು ಬಾಚಿ ತಿಂದ ಜಾತಿಗೆ ನಾಲಿಗೆ ಬೇರೆ ಬೆಳೀತಾ? ನಿನ್ನ ಕಾಲನಿಯನ್ನು ಗುಡಿಸಲು ಸಮೇತ ಮಾರಿದ್ರೂ ಈ ಗಾಜು ಹುಟ್ಟುದಿಲ್ಲ!"

ಅಕ್ಕು ಹೆಗಲು ಸವರಿಕೊಳ್ಳಲೂ ಇಲ್ಲ. ನೆಲ ನೋಡುತ್ತ ನಿಂತಳು. ಯಶ್ವಂತನ ಕೈಯಲ್ಲಿದ್ದ ಸೂಜಿ ಅಂಗೈಗೆ ಚುಚ್ಚಿಕೊಂಡಿತ್ತು. ಅವನು ಬಾಯಿ ತೆರೆದರೆ ಇಬ್ಬರ ಕೆಲಸವೂ ಹೋಯಿತು. ತೆರೆಯದಿದ್ದರೆ ತಾನು ಅವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಅರ್ಥವಿಲ್ಲ. ಅವನು ತೆರೆಯಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಹೊಸತು ಹಾಕಬೇಕು ಸರ್" ಎಂದ ಮೆಲ್ಲಗೆ. "ಇನ್ಶೂರೆನ್ಸಿಗೆ ನಮ್ಮಿಂದ ವರದಿ ಹೋಗಬೇಕು."

"ಅದರಲ್ಲಿ ಎಂತೆಲ್ಲ ಬರೀಲಿಕ್ಕುಂಟು?"

ಯಶ್ವಂತ ಅಂಗಡಿಯ ಫೋನು ತೆರೆದು ತೋರಿಸಿದ. ಗಾಜಿನ ಫೋಟೊ, ಹಾನಿಯ ಕಾರಣ, ಕಾರಣದ ಫೋಟೊ, ನೋಡಿದವನ ಪೂರ್ತಿ ಹೆಸರು. ಒಮ್ಮೆ ಒತ್ತಿದರೆ ದಿನ, ಗಂಟೆ, ಜಾಗದ ಸಮೇತ ಕಂಪೆನಿಗೆ ಹೋಯಿತು. ಆಮೇಲೆ ಬೆಂಜಮಿನ್ನರೂ ತಿದ್ದುವ ಹಾಗಿಲ್ಲ.

"ಕುರ್ದಿ ಗಿರ್ದಿ ಅಂತ ಬರೆದ್ರೆ ಅವರು ಒಂದು ಪೈಸೆ ಕೊಡುದಿಲ್ಲ. ನೀವೇ ಹಾಳು ಮಾಡಿದ್ದು ಅಂತಾರೆ. ಹೀಗೆ ಬರಿ: ಕೆಲಸದವಳು ಮನೆಯವರನ್ನು ಕೇಳದೆ ಟೇಪು ಕಿತ್ತು ಸುಣ್ಣದ ನೀರು ಹೊಯ್ದು ಹಾಳು ಮಾಡಿದ್ದಾಳೆ. ಅವಳ ಸೈ ನಾನು ತೆಗೆಸ್ತೇನೆ. ಪೋಲೀಸಿಗೂ ಒಂದು ಕಂಪ್ಲೇಂಟು ಹಾಕುವ. ನೀನು ಸಾಕ್ಷಿ."

ಫೋನಿನ ಮೇಲೆ ಯಶ್ವಂತನ ಹೆಬ್ಬೆರಳು ನಿಂತೇ ಹೋಯಿತು. ಹೆತ್ತವಳ ಮೇಲೆ ದೂರು ಬರೆಯಬೇಕಾದವನು ತಾನು. ಸಾಕ್ಷಿಯೂ ತಾನೇ.

ಅಷ್ಟರಲ್ಲಿ ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದ ಶ್ರೀಮತಿಯಮ್ಮ ಹೊರಗೆ ಬಂದರು. "ನಿಲ್ಲು ಹೃಷಿ. ಜೋಯಿಸರ ಹತ್ರ ಕೇಳಿದೆ. ಇದು ಕುರ್ದಿಯಲ್ಲಿ ಹೋಗುವ ದೋಷ ಅಲ್ಲವಂತೆ. ಗಾಜು ಪುನಃ ಒಡೆದದ್ದೇ ಅದಕ್ಕೆ ಗುರುತಂತೆ. ನಿಶ್ಚಯದ ಮೊದಲು, ಹಳೇ ಕ್ರಮದಲ್ಲಿ ಕೊಟ್ಟು ಬಿಡಬೇಕಂತೆ."

ರಾಯರು ಗೇಟಿನ ಕಡೆ ನೋಡಿದರು. ಧ್ವನಿ ತಗ್ಗಿಸಿದರು. "ಅಮ್ಮ, ಅದೆಲ್ಲ ಈಗ ಕೇಸಾಗ್ತದೆ. ಜೈಲು."

"ಯಾರು ನೋಡ್ಲಿಕ್ಕುಂಟು? ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ರ. ಹನ್ನೆರಡು ವರ್ಷದಿಂದ ನಮ್ಮ ಅನ್ನ ತಿಂದವಳು, ಹೇಳಿಕೊಂಡು ತಿರುಗ್ತಾಳಾ?" ಆಮೇಲೆ ಯಶ್ವಂತನ ನೆನಪಾಗಿ ಅವನ ಕಡೆ ನಕ್ಕರು. "ಈ ಹುಡುಗ ನಮ್ಮವನೇ ಅಲ್ವಾ. ನೀನು ಎಂತ ಕಂಡದ್ದಿಲ್ಲ, ಆಯ್ತಾ?"

ಹಳೇ ಕ್ರಮ. ಯಶ್ವಂತನಿಗೆ ಬೇರೆ ವಿವರಣೆ ಬೇಕಿರಲಿಲ್ಲ. ದೊಡ್ಡ ಮನೆಯಲ್ಲಿ ಕಾಯಿಲೆ ಬಂದರೆ, ಮಗು ನಿಲ್ಲದಿದ್ದರೆ, ಗ್ರಹ ಕೆಟ್ಟರೆ, ಆ ಮನೆಯವರ ಉಗುರು, ಕೂದಲು ಕಲಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ತಿಂದವರ ಮೈಗೆ ದೋಷ ಹೋಯಿತು, ಮನೆ ಚೊಕ್ಕ. ಅಜಲು ಎಂದು ಅದರ ಹೆಸರು. ಅದು ಅಪರಾಧವೆಂದು ಸರಕಾರ ಕಾಯ್ದೆ ಮಾಡಿ, ಕಾಲನಿಯ ಬಾಗಿಲಲ್ಲೊಂದು ಹಳದಿ ಬೋರ್ಡು ನೆಟ್ಟಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಯಶ್ವಂತ ಅಕ್ಷರ ಕೂಡಿಸಿ ಓದಲು ಕಲಿತದ್ದೇ ಆ ಬೋರ್ಡಿನಿಂದ. ಅ, ಜ, ಲು. ಈಗ ಆ ಬೋರ್ಡು ಯಾರದೋ ಕೋಳಿಗೂಡಿಗೆ ಮುಚ್ಚಿದ ಮಾಡು.

ಶ್ರೀಮತಿಯಮ್ಮ ಅಕ್ಕುವಿನ ಹತ್ತಿರ, ಆದರೆ ತೀರಾ ಹತ್ತಿರವಲ್ಲದಷ್ಟು ದೂರದಲ್ಲಿ, ಬಂದು ನಿಂತರು. "ಎರಡು ತುತ್ತು, ಅಕ್ಕು. ನಿನ್ನ ಮೇಲೆ ಕಾಗದ ಬರೆಸುದೇ ಇಲ್ಲ. ಕಲ್ಲು ಬಿದ್ದೇ ಒಡೆದದ್ದು ಅಂತ ಹಾಕಿಸುವ. ಒಂದು ಸೀರೆ ಕೊಡ್ತೇನೆ, ಹತ್ತು ಸೇರು ಅಕ್ಕಿ ಕೊಡ್ತೇನೆ. ಎಂತ ಹೇಳ್ತಿ?"

"ಆಯ್ತು ಅಮ್ಮ" ಎಂದಳು ಅಕ್ಕು. ಒಂದು ಗಳಿಗೆಯೂ ತಡಮಾಡಲಿಲ್ಲ. ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ, ಮನೆಯ ಸುತ್ತು ಹಾಕಿ ಹಿಂದಕ್ಕೆ ನಡೆದಳು.

ರಾಯರು ಒಳಗೆ ಹೋದರು. ಜಗಲಿಯ ಕಿಟಕಿಯಿಂದ ನೈಲ್ ಕಟ್ಟರಿನ ಸದ್ದು ಕೇಳಿಸಿತು. ಟಿಕ್. ಟಿಕ್. ಗಾಜು ಒಡೆದದ್ದೂ ಇದೇ ಸದ್ದಿನಲ್ಲಿ.

ಯಶ್ವಂತ ಕೈ ತೊಳೆಯುವ ನೆವ ಹಿಡಿದು ಹಿಂದಕ್ಕೆ ಹೋದ. ಅಕ್ಕು ಒಗೆಯುವ ಕಲ್ಲಿನ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಏಳು ಅಪ್ಪೇ. ಹೋಗುವ."

"ಎಲ್ಲಿಗೆ? ಗೇಟು ಹಾಕಿದೆ."

"ತಿನ್ನಬೇಡ. ನಾನು ಹೇಳ್ತೇನೆ ಅವರಿಗೆ."

"ಎಂತ ಹೇಳ್ತಿ? ನನ್ನ ಮಗ ಅಂತ ಹೇಳ್ತಿಯಾ?" ಅವಳು ತಲೆ ಎತ್ತಿ ನೋಡಿದಳು. ಕಣ್ಣು ಒಣಗಿತ್ತು. "ಈಗ ಲೋಟದಲ್ಲಿ ಕಾಫಿ ಕುಡಿದಿಯಲ್ಲ, ಆ ಲೋಟ ತಂದು ನಿನ್ನ ತಲೆಗೆ ಹೊಡೀತಾರೆ. ಗಾಡಿ ಮುಟ್ಟಿದ್ದಕ್ಕೆ, ಜಾತಿ ಮುಚ್ಚಿಟ್ಟದ್ದಕ್ಕೆ. ಬೆಂಜಮಿನ್ನರಿಗೆ ಫೋನು ಹೋಗ್ತದೆ. ಮತ್ತೆ ನಿಂಗೂ ಒಂದು ಹಿಡಿಸೂಡಿ ತರ್ಬೇಕು ನಾನು."

"ಬಂದರೆ ಬರಲಿ."

"ನಿನ್ನ ಅಜ್ಜಿ ತಿಂದಿದ್ದಾಳೆ. ನಾನೂ ತಿಂದಿದ್ದೇನೆ. ಒಂದು ಸಲ ನೀನು ಹೊಟ್ಟೆಯಲ್ಲಿದ್ದಾಗಲೇ ತಿಂದದ್ದು, ಪಡುಮನೆಯ ಸೊಸೆಯ ಬಾಣಂತನಕ್ಕೆ. ಆ ಮಗುವೂ ಬದುಕಿತು, ನೀನೂ ಬದುಕಿದಿ. ಜಗಿಯಬಾರದು, ನುಂಗಿಬಿಡಬೇಕು. ನುಂಗಿದರೆ ಮುಗೀತು." ಅವಳು ಸೆರಗು ಸರಿಮಾಡಿಕೊಂಡಳು. "ನೀನು ಹೋಗಿ ಗಾಜು ನೋಡು."

"ಅಪ್ಪೇ..."

"ನಾನು ನಿನ್ನ ಅಪ್ಪೆ ಅಲ್ಲ ಇಲ್ಲಿ. ನೀವು ಹೋಗಿ ಮೇಸ್ತ್ರಿ."

ಶ್ರೀಮತಿಯಮ್ಮನ ಬಳೆಯ ಸದ್ದು ಕೇಳಿ ಅವನು ಸರಿದು ನಿಂತ. ಬಾಳೆಯೆಲೆಯಲ್ಲಿ ಬಿಸಿ ಅನ್ನ, ಮೇಲೊಂದಿಷ್ಟು ಎಣ್ಣೆ. ಅನ್ನ ಬೆಳ್ಳಗಿದ್ದುದರಿಂದ ರಾಯರ ಕೂದಲು ಚೆನ್ನಾಗಿಯೇ ಕಾಣುತ್ತಿತ್ತು. ಅವರು ಅದನ್ನು ಕಲ್ಲಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದು, "ಪೂರ್ವಕ್ಕೆ ಮುಖ ಮಾಡಬೇಡ ಅಕ್ಕು, ಪಡುವಕ್ಕೆ ಮಾಡು" ಎಂದು ನೆನಪು ಮಾಡಿದರು.

"ಏ ಮೇಸ್ತ್ರಿ! ಬಾ ಇಲ್ಲಿ, ನಿನ್ನ ವರದಿ ಮುಗಿಸು!" ರಾಯರ ಕೂಗು ಅಂಗಳದಿಂದ ಬಂತು.

ಯಶ್ವಂತ ಅಂಗಳಕ್ಕೆ ಬಂದ. ಕಾಲು ತಾನಾಗಿ ಬಂತು, ಏಳು ವರ್ಷದ ಅಭ್ಯಾಸ. ಫೋನು ತೆಗೆದ. ಒಡೆದ ಗಾಜಿನ ಫೋಟೊ ಹೊಡೆದ. ರಾಯರು ಪಕ್ಕದಲ್ಲೇ ನಿಂತು, ಒಂದು ಕೈಯ ಹೆಬ್ಬೆರಳಿನಿಂದ ಈಗಷ್ಟೇ ಕತ್ತರಿಸಿದ ಉಗುರುಗಳ ನುಣುಪು ಸವರಿ ನೋಡುತ್ತಿದ್ದರು.

"ಕಾರಣ: ಕಲ್ಲು ಬಡಿದು. ಹಾಕು. ಅಷ್ಟೇ ಸಾಕು. ಬಡವರ ಹೊಟ್ಟೆಯ ಮೇಲೆ ಹೊಡೆಯುವ ಪೈಕಿಯವನಲ್ಲ ನಾನು."

ಕಾರಣ ಎಂಬಲ್ಲಿ ಯಶ್ವಂತ 'ಕಲ್ಲು' ಎಂದು ಬರೆದ. ಆ ಎರಡು ಅಕ್ಷರ ನೋಡುತ್ತ ನಿಂತ. ಹಿಂದುಗಡೆಯಿಂದ ಯಾವ ಸದ್ದೂ ಇರಲಿಲ್ಲ. ಉಣ್ಣುವ ಸದ್ದೂ ಇಲ್ಲ, ಅಳುವ ಸದ್ದೂ ಇಲ್ಲ. ಜಗಿಯದೆ ನುಂಗುವವರ ಸದ್ದು ಎಲ್ಲಿ ಕೇಳುತ್ತದೆ? ತಾನೂ ಆ ಅನ್ನದಲ್ಲೇ ಬೆಳೆದವನು, ಹುಟ್ಟುವ ಮೊದಲೇ ಯಾರದೋ ಮನೆಯ ದೋಷ ತಿಂದವನು. ಕಲ್ಲು ಎನ್ನುವುದನ್ನು ಅಳಿಸಿದ.

"ಎಂತ ಅಷ್ಟು ಹೊತ್ತು?"

"ಕಾರಣದ ಫೋಟೊ ಬೇಕು ಸರ್" ಎಂದು ಯಶ್ವಂತ ತಿರುಗಿ, ಮನೆಯ ಸುತ್ತು ಹಾಕಿ ಹಿಂದಕ್ಕೆ ನಡೆದ. ಈ ಸಲ ಕಾಲು ತಾನಾಗಿ ಹೋದದ್ದಲ್ಲ.

ತಡವಾಗಿತ್ತು. ಎಲೆಯ ಒಂದು ಬದಿ ಖಾಲಿ. ಒಂದು ತುತ್ತು ಒಳಗೆ ಹೋಗಿತ್ತು. ಅಕ್ಕು ಎರಡನೆಯದನ್ನು ಉಂಡೆ ಕಟ್ಟಿ ಕೈಯಲ್ಲಿ ಹಿಡಿದಿದ್ದಳು. ಗಂಟಲಲ್ಲಿ ಮೊದಲಿನದ್ದು ಇನ್ನೂ ಇಳಿಯದೆ ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಯಶ್ವಂತ ಫೋನು ಎತ್ತಿದ. ಎಲೆ, ಅನ್ನ, ಅನ್ನದಲ್ಲಿ ಕೂದಲು, ತಾಯಿಯ ಕೈ, ನಾಲ್ಕು ಹೆಜ್ಜೆ ಆಚೆ ಮೂಗಿಗೆ ಸೆರಗು ಹಿಡಿದು ನಿಂತ ಶ್ರೀಮತಿಯಮ್ಮ. ಎಲ್ಲ ಬಂತು. ಬಿಸಿಲು ಚೆನ್ನಾಗಿತ್ತು.

"ಏಯ್! ಎಂತ ಮಾಡ್ತಿ ನೀನು? ಹೃಷೀ, ಇವ ಫೋಟೊ ಹೊಡೀತಾನೆ ನೋಡು!"

ಯಶ್ವಂತ ಬರೆಯುತ್ತಿದ್ದ. ಅಕ್ಷರ ತಪ್ಪುತ್ತಿತ್ತು, ಅಳಿಸಿ ಮತ್ತೆ ಬರೆಯುತ್ತಿದ್ದ. ಕಾರಣ: ಮನೆಯವರೇ ಬಿರುಕಿಗೆ ಕುರ್ದಿ ನೀರು ಹೊಯ್ಸಿದ್ದು. ಈಗ ಅದರ ದೋಷ ಕಳೆಯಲು ಕೆಲಸದ ಹೆಂಗಸಿಗೆ ಉಗುರು, ಕೂದಲು ಕಲಸಿದ ಅನ್ನ ತಿನ್ನಿಸುತ್ತಿದ್ದಾರೆ. ನೋಡಿದವನ ಪೂರ್ತಿ ಹೆಸರು ಎಂಬಲ್ಲಿ ಏಳು ವರ್ಷದಿಂದ ಒಂದೇ ಪದ ಬರೆಯುತ್ತಿದ್ದವನು, ಇಂದು ನಿಲ್ಲಿಸದೆ ಬರೆದ: ಯಶ್ವಂತ ಕೊರಗ. ಅಕ್ಕು ಕೊರಗ ಇವರ ಮಗ.

"ಫೋನು ಕೊಡು ಇಲ್ಲಿ, ನಾಯಿ!" ರಾಯರು ಓಡಿ ಬಂದು ಅವನ ಕೊರಳಪಟ್ಟಿ ಹಿಡಿದರು. ಅಂಗಿಯ ಎರಡು ಗುಂಡಿ ಹಾರಿತು. ಅಷ್ಟರಲ್ಲಿ ಅವನು ಒತ್ತಿಯಾಗಿತ್ತು. ಫೋನಿನಲ್ಲಿ ಸಣ್ಣ ಚಕ್ರವೊಂದು ತಿರುಗಿತು, ತಿರುಗಿತು, ನಿಂತಿತು. ಕಳಿಸಲಾಗಿದೆ ಎಂದು ಬಂತು.

"ಅಪ್ಪೇ, ಏಳು" ಎಂದ ಅವನು, ಎಲ್ಲರಿಗೂ ಕೇಳುವ ಹಾಗೆ.

ಶ್ರೀಮತಿಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದೇ, ತಾವು ಕಾಫಿ ಲೋಟ ಕೊಟ್ಟ ಕೈಯನ್ನು ಸೀರೆಗೆ ಒರೆಸಿಕೊಳ್ಳತೊಡಗಿದರು. ರಾಯರ ಕೈ ಕೊರಳಪಟ್ಟಿಯಿಂದ ತಾನಾಗಿ ಬಿಟ್ಟುಹೋಯಿತು. ಬಿಟ್ಟ ಕೈಯಲ್ಲಿ ಅವರು ತಮ್ಮ ಫೋನು ತೆಗೆದು ಹತ್ತಿರದ ಠಾಣೆಗೆ ಹಚ್ಚಿದರು. "ಮನೆಗೆ ನುಗ್ಗಿದ್ದಾನೆ... ಹೌದು, ಗಾಜು ಒಡೆದದ್ದೂ ಅವನೇ... ತಾಯಿ ಮಗ ಇಬ್ಬರೂ ಸೇರಿ... ಬೇಗ ಬನ್ನಿ" ಎಂದು ಹೇಳುತ್ತ ಹೇಳುತ್ತ ಅಂಗಳಕ್ಕೆ ನಡೆದರು.

ಅಕ್ಕು ಎದ್ದು ನಿಂತಳು. "ಹಾಳು ಮಾಡಿದಿಯಲ್ಲ ಮಗಾ" ಎಂದಳು. ಬೈದದ್ದಲ್ಲ, ಅಳುವೂ ಅಲ್ಲ. ಮಗನ ಹಿಂದೆ ಅಂಗಳಕ್ಕೆ ಬಂದಳು. ಎರಡನೆಯ ತುತ್ತು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಮುಂಬಾಗಿಲ ಎದುರು, ಒಡೆದ ಗಾಜಿನ ಕಾರಿನ ಪಕ್ಕದಲ್ಲಿ ನಿಂತು, ಅವಳು ಮುಷ್ಟಿ ಬಿಚ್ಚಿದಳು. ಅವಳೇ ಬೆಳಿಗ್ಗೆ ಗುಡಿಸಿದ ನೆಲದ ಮೇಲೆ ಅನ್ನ ಬಿತ್ತು.

"ತೆಗಿ ಅದನ್ನು! ಗುಡಿಸು ಮೊದಲು!" ಎಂದು ಶ್ರೀಮತಿಯಮ್ಮ ಜಗಲಿಯಿಂದ ಕಿರುಚಿದರು. "ಅಯ್ಯೋ, ಬಾಗಿಲೆದುರೇ ಬಿತ್ತಲ್ಲ ದೇವರೇ! ಗುಡಿಸೇ!"

ಹನ್ನೆರಡು ವರ್ಷದಲ್ಲಿ ಆ ಅಂಗಳಕ್ಕೆ ಏನು ಬಿದ್ದರೂ ಅಕ್ಕುವಿನ ಕೈ ಹಿಡಿಸೂಡಿಯತ್ತ ಹೋಗುತ್ತಿತ್ತು. ಈಗಲೂ ಹೋಯಿತು. ಗೋಡೆಗೆ ಒರಗಿಸಿದ್ದ ಹಿಡಿಸೂಡಿಯಿಂದ ಒಂದು ಗೇಣು ದೂರದಲ್ಲಿ ಅದು ನಿಂತಿತು. ಅಲ್ಲೇ ನಿಂತಿತ್ತು. ಯಶ್ವಂತ ತಾಯಿಯ ಮುಖ ನೋಡಿದ. ಅವಳು ಮಗನನ್ನು ನೋಡುತ್ತಿರಲಿಲ್ಲ, ಅನ್ನವನ್ನೂ ನೋಡುತ್ತಿರಲಿಲ್ಲ. ಹೊರಗೆ ರಸ್ತೆಯಲ್ಲಿ ಜೀಪೊಂದು ಬಂದು ನಿಂತ ಸದ್ದಾಯಿತು. ಗೇಟು ಇನ್ನೂ ಮುಚ್ಚಿಯೇ ಇತ್ತು, ರಿಮೋಟು ರಾಯರ ಕೈಯಲ್ಲಿತ್ತು.